ಎರಡೋ ನಾಲ್ಕೋ ಎಂದು ಕೇಳಬಾರದ ಗ್ಯಾರೇಜು

ಗ್ಯಾರೇಜುಗಳ ಬೀದಿಯಲ್ಲಿ ಅವರಿಗೆ ಹಲ್ಲಿನ ಡಾಕ್ಟರು ಎಂದೇ ಹೆಸರು. ಮನುಷ್ಯರ ಹಲ್ಲಿನ ಗೊಡವೆಗೆ ಹೋದವರಲ್ಲ. ಅವರ ಕೈಗೆ ಬರುತ್ತಿದ್ದುದು ಗೇರಿನ ಹಲ್ಲು ಮಾತ್ರ. ಗೇರ್‌ಬಾಕ್ಸು, ಅಲ್ಲಿಂದ ಚಕ್ರಕ್ಕೆ ಬಲ ಮುಟ್ಟಿಸುವ ಉದ್ದನೆಯ ಶಾಫ್ಟು, ಅದರ ತುದಿಯ ಗೇರು, ಇಷ್ಟೇ ಅವರ ಪ್ರಪಂಚ. ಹಲ್ಲುಗಳಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಬಣ್ಣ ಎಲ್ಲೆಲ್ಲಿ ಅಳಿಸಿದೆ ಎಂದು ಟಾರ್ಚು ಹಿಡಿದು ನೋಡಿದರೆ ಸಾಕು, ಗೇರು ಸರಿಯಾಗಿ ಕಚ್ಚುತ್ತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಮೂವತ್ತು ವರ್ಷವಾದರೂ ಆ ನೀಲಿ ಅವರ ಉಗುರಿನ ಸಂದಿ ಬಿಟ್ಟು ಹೋಗಿರಲಿಲ್ಲ. "ಮದುವೆ ಫೋಟೋದಲ್ಲೂ ಇದೇ ಉಗುರು" ಎಂದು ಹೆಂಡತಿ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಮಾತಿಗೆ ಸಿಕ್ಕರೆ ಬಿಡುವ ಪೈಕಿಯಲ್ಲ. ಆದರೆ ಒಂದು ಪ್ರಶ್ನೆ ಬಂದರೆ ಮಾತ್ರ ಬಾಯಿಗೆ ಬೀಗ ಬೀಳುತ್ತಿತ್ತು. ಈಗೀಗ ಬಾಣದಂತೆ ಓಡುವ ದೊಡ್ಡ ಇಂಜಿನ್ನಿನ ಪಿಕಪ್ಪುಗಳು ಬಂದಿವೆಯಲ್ಲ, ಅವುಗಳ ಹುಚ್ಚು ಹಿಡಿದವರಿಗೆ ಲೆಕ್ಕವಿರಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಜೀವಮಾನದಲ್ಲಿ ಒಂದು ಚೀಲ ಹೊರಿಸದವರೂ ಕೊಳ್ಳುತ್ತಿದ್ದರು. ಒಂದೇ ಗಾಡಿ ಎರಡು ಬಗೆಯಲ್ಲಿ ಸಿಗುತ್ತದೆ: ಒಂದರಲ್ಲಿ ಇಂಜಿನ್ನಿನ ಬಲವೆಲ್ಲ ಹಿಂದಿನ ಎರಡೇ ಚಕ್ರಕ್ಕೆ, ಇನ್ನೊಂದರಲ್ಲಿ ನಾಲ್ಕಕ್ಕೂ. ಕೊಳ್ಳುವ ಮುಂಚೆ ಬಂದು ಕೇಳುತ್ತಿದ್ದರು: "ಡಾಕ್ಟ್ರೇ, ಎರಡು ತಗೊಳ್ಳೋದಾ, ನಾಲ್ಕು ತಗೊಳ್ಳೋದಾ?"

"ನಂಗೆ ಬಿಚ್ಚೋದು ಗೊತ್ತು, ಆರ್ಸೋದು ಗೊತ್ತಿಲ್ಲ. ಶೋರೂಮ್‌ನವ್ರನ್ನ ಕೇಳಿ."

ಅಷ್ಟಕ್ಕೂ ಸುಮ್ಮನಾಗದೆ ಒಬ್ಬ ಗಿರಾಕಿ ಮೂರು ಸಲ ಕೇಳಿದ್ದಕ್ಕೆ, ಬಿಚ್ಚಿದ್ದ ಅವನ ಗೇರ್‌ಬಾಕ್ಸನ್ನು ಹಾಗೇ ಜೋಡಿಸಿ ಹೊರಗೆ ಕಳಿಸಿದ್ದರು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಬೀದಿ ಆಡಿಕೊಂಡಿತು. ಆಡಿಕೊಳ್ಳಲಿ, ಬೀದಿಗೆ ಬೇರೆ ಕೆಲಸವೇನಿದೆ?

ಒಂಬತ್ತು ವರ್ಷದ ಹಿಂದೆ ಆ ಪ್ರಶ್ನೆಗೆ ಅವರು ಉತ್ತರ ಕೊಟ್ಟಿದ್ದರು. ಕೇಳಿದವನು ಒಡಹುಟ್ಟಿದ ತಮ್ಮ.

ತಮ್ಮನದು ಓಡುವ ಕೆಲಸ. ಯಾವುದಾದರೂ ಕಾರ್ಖಾನೆಯಲ್ಲಿ ಯಂತ್ರ ನಿಂತಿತೆಂದರೆ ಅದರ ಬಿಡಿಭಾಗವನ್ನು ಊರಾಚೆಯ ಗೋದಾಮಿನಿಂದ ತಂದು ಮುಟ್ಟಿಸಬೇಕು. ಹಳೆಯ ಪಿಕಪ್ಪು, ಹಿಂದಿನ ಎರಡು ಚಕ್ರ ತಳ್ಳುವಂಥದ್ದು. ಖಾಲಿಯಿದ್ದಾಗ ಹಿಂಭಾಗ ಹಗುರವಾಗಿ ಹಿಡಿತ ತಪ್ಪುತ್ತದೆಂದು ಮಳೆಗಾಲವಿಡೀ ತೊಟ್ಟಿಯಲ್ಲಿ ಎರಡು ಮರಳಿನ ಮೂಟೆ ಇಟ್ಟುಕೊಂಡಿರುತ್ತಿದ್ದ. ಆದರೂ ರಸ್ತೆ ಒದ್ದೆಯಾದರೆ ಗಾಡಿಯ ಬಾಲ ಸ್ವಲ್ಪ ಆಡುತ್ತಿತ್ತು. ಅವನಿಗೆ ಅದೇ ಖುಷಿ. "ರಸ್ತೆ ಎಷ್ಟು ಜಾರುತ್ತೆ ಅಂತ ಕಣ್ಣಿಗಿಂತ ಮೊದ್ಲು ಕುಂಡಿಗೆ ಗೊತ್ತಾಗುತ್ತೆ ಅಣ್ಣಾ" ಎನ್ನುತ್ತಿದ್ದ. ಅವನ ಹೆಂಡತಿ ನಾಚಿಕೆಯಿಂದ ತಲೆಗೊಂದು ಮೊಟಕುತ್ತಿದ್ದಳು.

ಹೊಸ ಗಾಡಿ ಕೊಳ್ಳುವಾಗಲೂ ಅವನ ಮನಸ್ಸು ಎರಡರ ಕಡೆಗೇ ವಾಲಿತ್ತು. ಭಾರ ಕಡಿಮೆ, ಕೆಡುವ ಭಾಗ ಕಡಿಮೆ, ಹಿಂದಿನಿಂದ ತಳ್ಳುವ ಗಾಡಿಯ ಮಜಾವೇ ಬೇರೆ. ಅವನಿಗೆ ತಿಳಿಯದಂತೆ ಹೆಂಡತಿ ಒಂದು ಮಧ್ಯಾಹ್ನ ಗ್ಯಾರೇಜಿಗೆ ಬಂದಳು. "ಭಾವ, ನಿಮ್ಮ ಮಾತನ್ನ ಅವ್ರು ತೆಗೆದುಹಾಕಲ್ಲ. ನಾಲ್ಕೇ ತಗೋ ಅಂತ ಹೇಳಿ. ಮಳೆ ಬಂದ್ರೆ ಸಾಕು, ಅವ್ರು ಮನೆಗೆ ಬರೋವರೆಗೂ ನನ್ನ ಜೀವ ಬಾಯಲ್ಲಿರುತ್ತೆ."

ಡಾಕ್ಟರು ಹೇಳಿದರು. ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ನಾಲ್ಕನ್ನೇ ತಂದ. ಮೊದಲ ಮಳೆಗೆ ಫೋನು ಬಂತು. "ಅಣ್ಣಾ, ಬಾಲ ಅಲ್ಲಾಡೋದೇ ಇಲ್ಲ! ರಸ್ತೆ ಒದ್ದೆಯಾಗಿದೆ ಅಂತ ಗೊತ್ತೇ ಆಗಲ್ಲ!" ಡಾಕ್ಟರು ಬೀಗಿದರು. ತಮ್ಮನ ಹೆಂಡತಿಗೆ ಫೋನು ಮಾಡಿ ಅದನ್ನೇ ಒಪ್ಪಿಸಿದರು.

ಗಾಡಿ ತಂದ ಹನ್ನೊಂದನೆಯ ದಿನ ಬೆಳಿಗ್ಗೆ, ಜಿನುಗು ಮಳೆಯಲ್ಲಿ, ಒಂದು ತಿರುವಿನಲ್ಲಿ ಆ ಗಾಡಿ ತಿರುಗಲಿಲ್ಲ. ಮೊಣಕಾಲೆತ್ತರದ ಕಟ್ಟೆಯನ್ನು ಒಡೆದುಕೊಂಡು ಕೆಳಗೆ ಬಿತ್ತು. ತಮ್ಮ ಉಳಿಯಲಿಲ್ಲ.

ಮಾರನೆಯ ದಿನ ಡಾಕ್ಟರು ಒಬ್ಬರೇ ಹೋಗಿ ನೋಡಿದರು. ರಸ್ತೆಯ ತೆಳು ಕೆಸರಿನ ಮೇಲೆ ಟೈರಿನ ಗೀರು ಎಲ್ಲೂ ಅತ್ತಿತ್ತ ಸರಿದಿರಲಿಲ್ಲ. ನೆಟ್ಟಗೆ ಕಟ್ಟೆಗೆ ಹೋಗಿತ್ತು. ಅದನ್ನು ನೋಡುತ್ತ ನಿಂತಲ್ಲೇ ಅವರಿಗೆ ಅರ್ಥವಾಯಿತು. ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿ ಎಳೆಯುವುದರಲ್ಲಿ ಗಟ್ಟಿ, ನಿಲ್ಲುವುದರಲ್ಲಿ ಅಲ್ಲ. ಬ್ರೇಕು ಯಾವ ಗಾಡಿಗಾದರೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಳೆಯ ಗಾಡಿಯಾಗಿದ್ದರೆ ಆ ತಿರುವಿಗೆ ಬರುವ ಎಷ್ಟೋ ಮುಂಚೆಯೇ ಬಾಲ ಆಡಿ, ಅವನಿಗೆ ಗೊತ್ತಾಗಿ, ಕಾಲು ತಾನಾಗಿ ಹಗುರವಾಗುತ್ತಿತ್ತು. ಹೊಸದು ಏನೂ ಹೇಳಲಿಲ್ಲ. ಜೀವಮಾನವೆಲ್ಲ ಓಡಿಸುವ ಗೇರನ್ನೇ ನೋಡಿಕೊಂಡು ಕೂತವರಿಗೆ ನಿಲ್ಲಿಸುವ ವಿಚಾರ ಹೊಳೆದೇ ಇರಲಿಲ್ಲ. ಇಂಥ ತಪ್ಪನ್ನು ತಿಳಿಯದವರು ಮಾಡುವುದಿಲ್ಲ, ತಿಳಿದವರೇ ಮಾಡುವುದು.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಲು ಜನ ಬಿಟ್ಟರೆ ತಾನೆ? "ನಾಲ್ಕು ಚಕ್ರದ್ದೇ ಕೊಡಿಸಿದ್ರಿ, ಇನ್ನೇನು ಮಾಡೋಕಾಗ್ತಿತ್ತು" ಎಂದರು ಬಂದವರೆಲ್ಲ. ತಮ್ಮನ ಹೆಂಡತಿಯಂತೂ ಪ್ರತಿವರ್ಷ ಆ ದಿನ ಮನೆಗೆ ಬಂದು, "ನೀವು ಸರಿಯಾಗೇ ಹೇಳಿದ್ರಿ ಭಾವ" ಎನ್ನುತ್ತಿದ್ದಳು. ಡಾಕ್ಟರು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದರು.

ಅಂದಿನಿಂದ ತಮ್ಮ ಬರತೊಡಗಿದ. ಜಿನುಗು ಮಳೆ ಹಿಡಿದ ಹಗಲಿನಲ್ಲೇ ಬರುತ್ತಿದ್ದ. ಗ್ಯಾರೇಜಿನ ಮುಂದೆ ಪಿಕಪ್ಪು ನಿಂತ ಸದ್ದು, ಇಂಜಿನ್ನು ಆರಿದ ಸದ್ದು, ಬಾಗಿಲು ಹಾಕಿದ ಸದ್ದು. ಆಮೇಲೆ, "ಅಣ್ಣಾ". ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರೆ ತಗಡಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿರುತ್ತಿತ್ತು, ಬೀದಿ ಖಾಲಿ. ಹೆಂಡತಿಗೆ ಹೇಳಿದಾಗ ಅವಳು ಮೊದಲು ಕಿವಿ ತೋರಿಸಿಕೊಂಡು ಬನ್ನಿ ಎಂದಳು. ಗಂಡನ ಮುಖ ನೋಡಿದ ಮೇಲೆ ಮತ್ತೆ ಆ ತಮಾಷೆ ಮಾಡಲಿಲ್ಲ. ಯಾರೂ ಇರುವುದಿಲ್ಲವೆಂದು ಗೊತ್ತಿದ್ದೂ ಅವರು ಪ್ರತಿ ಸಲ ಎದ್ದು ಬರುತ್ತಿದ್ದರು. ಏಳದೆ ಕೂತ ದಿನವೇ ಅವನು ನಿಜವಾಗಿ ಬಂದುಬಿಟ್ಟರೆ ಎಂಬ ಹೆದರಿಕೆ.

ಈ ಸಲದ ಮಳೆಗಾಲದ ಒಂದು ಮಧ್ಯಾಹ್ನ ಹಾಗೇ ಸದ್ದಾಯಿತು. ಗಾಡಿ ನಿಂತಿತು, ಇಂಜಿನ್ನು ಆರಿತು, ಬಾಗಿಲು ಬಡಿಯಿತು. ಡಾಕ್ಟರು ಹೊರಗೆ ಬಂದರು. ದೊಡ್ಡ ಕಪ್ಪು ಪಿಕಪ್ಪು ನಿಜಕ್ಕೂ ನಿಂತಿತ್ತು. ಅದಕ್ಕೆ ಒರಗಿಕೊಂಡು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ, ತಮ್ಮ ನಿಲ್ಲುತ್ತಿದ್ದ ಹಾಗೇ ಯಾರೋ ನಿಂತಿದ್ದರು. ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ದೊಡ್ಡಪ್ಪಾ, ಯಾಕೆ ದೆವ್ವ ಕಂಡ ಹಾಗೆ ನೋಡ್ತೀರಾ?"

ತಮ್ಮನ ಮಗಳು. ಇಪ್ಪತ್ತಾರರ ಹುಡುಗಿ, ಲಿಫ್ಟು ರಿಪೇರಿ ಮಾಡುತ್ತಾಳೆ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಊರ ಆ ತುದಿಯಿಂದ ಈ ತುದಿಗೆ ಓಡಬೇಕು. ಓಡುವ ಚಪಲವಂತೂ ಅಪ್ಪನಿಂದ ಬಂದದ್ದೇ. ಇನ್ನೊಂದು ಬಾಗಿಲಿನಿಂದ ಅವಳ ತಾಯಿ ಇಳಿದಳು.

"ಓಡಿಸಿ ನೋಡೋಕೆ ಅಂತ ಶೋರೂಮ್‌ನವ್ರು ಸಂಜೆವರೆಗೂ ಕೊಟ್ಟಿದ್ದಾರೆ. ಇದು ನಾಲ್ಕರದ್ದು. ಎರಡರದ್ದೂ ಇದೆ. ವಾಪಸ್ ಹೋಗಿ ಯಾವ್ದು ಬೇಕು ಅಂತ ಹೇಳ್ಬೇಕು. ಯಾವ್ದು ತಗೊಳ್ಳಲಿ ದೊಡ್ಡಪ್ಪಾ?"

"ಅದನ್ನೇನು ಕೇಳ್ತೀಯೆ?" ಎಂದಳು ತಾಯಿ. "ನಿಮ್ಮಪ್ಪಂಗೆ ಹೇಳಿದ್ದನ್ನೇ ನಿಂಗೂ ಹೇಳ್ತಾರೆ."

"ನಂಗೂ ಇದೇ ಇಷ್ಟ ಆಯ್ತು. ಇಷ್ಟು ಮಳೇಲಿ ಬಂದ್ವಲ್ಲ, ಒಂಚೂರೂ ಅಲ್ಲಾಡ್ಲಿಲ್ಲ. ಒದ್ದೆ ರಸ್ತೆ ಅಂತ ಗೊತ್ತೇ ಆಗ್ಲಿಲ್ಲ."

ನಂಗೆ ಬಿಚ್ಚೋದು ಮಾತ್ರ ಗೊತ್ತು ಎನ್ನುವ ಮಾತು ಡಾಕ್ಟರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿ ಕಳಿಸಿದರೆ ತಮ್ಮನ ಹೆಂಡತಿಯ ಕಣ್ಣಲ್ಲಿ ಅವರು ಒಳ್ಳೆಯ ಭಾವನಾಗಿಯೇ ಉಳಿಯುತ್ತಿದ್ದರು. ಹುಡುಗಿ ಈ ಗಾಡಿಯಲ್ಲಿ, ಇದೇ ಸಂತೋಷದಲ್ಲಿ, ತನ್ನ ಹನ್ನೊಂದನೆಯ ದಿನದ ಕಡೆಗೆ ಹೊರಡುತ್ತಿದ್ದಳು.

"ನಿಮ್ಮಪ್ಪನೂ ಫೋನಲ್ಲಿ ಹೀಗೇ ಹೇಳಿದ್ದ" ಎಂದರು. ಆಮೇಲೆ ನಿಲ್ಲಿಸಲಾಗಲಿಲ್ಲ. ಮರಳಿನ ಮೂಟೆ, ಆಡುವ ಬಾಲ, ನೆಟ್ಟಗೆ ಹೋಗಿದ್ದ ಗೀರು, ಎಲ್ಲವನ್ನೂ ಹೇಳಿದರು. "ನಾಲ್ಕು ಕೆಟ್ಟದ್ದಲ್ಲಮ್ಮ. ಅದು ಏನನ್ನ ಮಾಡಲ್ಲ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಅವನಿಗೆ ರಸ್ತೆ ತೋರಿಸ್ತಿದ್ದ ಕಣ್ಣನ್ನೇ ನಾನು ಕಿತ್ತುಬಿಟ್ಟೆ."

ತಾಯಿ ಗಾಡಿಯ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಅವಳು ಬೈಯುತ್ತಾಳೆಂದು ಡಾಕ್ಟರು ಕಾದರು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

"ಹೇಳಿಸಿದ್ದು ನಾನಲ್ವಾ ಭಾವ" ಎಂದಳು. "ಅವ್ರು ಬೇಡ ಅಂದಿದ್ದನ್ನ ನಿಮ್ಮ ಬಾಯಿಂದ ಹೇಳಿಸಿದ್ದು ನಾನು. ವರ್ಷವರ್ಷ ಬಂದು ನೀವು ಸರಿಯಾಗಿ ಹೇಳಿದ್ರಿ ಅಂತಿದ್ನಲ್ಲ, ಯಾಕೆ ಅಂದ್ಕೊಂಡ್ರಿ? ಒಂದ್ಸಲ ಆದ್ರೂ ನೀವು ತಲೆ ಎತ್ತಿ, ನೀನೂ ತಪ್ಪು ಮಾಡ್ಲಿಲ್ಲ ಅಂತೀರೇನೋ ಅಂತ. ನೀವು ತಲೆ ತಗ್ಗಿಸ್ತಿದ್ರಿ. ಇವ್ರಿಗೆ ನನ್ನ ಮೇಲೆ ಕೋಪ ಅಂದ್ಕೊಂಡು ಮನೆಗೆ ಹೋಗ್ತಿದ್ದೆ."

ಒಂಬತ್ತು ವರ್ಷ! ಡಾಕ್ಟರಿಗೆ ತಮ್ಮನ್ನು ತಾವು ನೆನೆದೇ ಅಸಹ್ಯವಾಯಿತು. ನನ್ನದೊಂದೇ ನೋವು ಎಂದುಕೊಂಡು ಅದನ್ನು ಬಚ್ಚಿಟ್ಟುಕೊಂಡು ಕೂತಿದ್ದರು, ಎದುರಿಗಿದ್ದವಳನ್ನು ನೋಡಲೇ ಇಲ್ಲ.

"ನೀನು ತಪ್ಪು ಮಾಡ್ಲಿಲ್ಲಮ್ಮ" ಎಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹುಡುಗಿಯೂ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಈಗ ನಾನು ಯಾವ್ದು ತಗೊಳ್ಳಲಿ?" ಎಂದಳು.

"ನಾಲ್ಕೇ ತಗೋ. ಆದ್ರೆ ಮೊದ್ಲು ನನ್ನ ಜೊತೆ ಬಾ."

ಬೀದಿಯ ಕೊನೆಯಲ್ಲಿ ಲಾರಿ ನಿಲ್ಲಿಸುವ ಬಯಲಿತ್ತು. ಲಾರಿಗಳೆಲ್ಲ ಹೋಗಿ ಕಾಂಕ್ರೀಟಿನ ನೆಲ ನೀರಿನಿಂದ ಹೊಳೆಯುತ್ತಿತ್ತು. ಡಾಕ್ಟರು ಒಂದು ಖಾಲಿ ಆಯಿಲ್ ಡಬ್ಬ ಇಟ್ಟು ಬಂದು ಅವಳ ಪಕ್ಕದಲ್ಲಿ ಕೂತರು. ತಾಯಿ ಹಿಂದಿನ ಸೀಟಿನಲ್ಲಿ ಕೂತಳು.

"ಅರವತ್ತರಲ್ಲಿ ಬಾ. ಡಬ್ಬದ ಹತ್ರ ಬ್ರೇಕು ಒತ್ತು. ಎಲ್ಲಿ ನಿಲ್ಲುತ್ತೆ ಹೇಳು?"

"ಆ ದೀಪದ ಕಂಬದ ಹತ್ರ."

ಗಾಡಿ ಚಿಮ್ಮಿತು. ಎಲ್ಲೂ ಅಲುಗಲಿಲ್ಲ. ಡಬ್ಬದ ಬಳಿ ಅವಳು ಬ್ರೇಕು ಒತ್ತಿದಳು. ಪೆಡಲು ಕಾಲಿನ ಕೆಳಗೆ ಕಟಕಟ ನಡುಗಿತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಕಂಬ ಕಿಟಕಿಯ ಪಕ್ಕದಲ್ಲಿ ಬಂತು, ಹಿಂದೆ ಹೋಯಿತು. ಆಮೇಲೆ ನಿಂತಿತು. ಡಾಕ್ಟರು ಮಳೆಯಲ್ಲಿ ಇಳಿದು ಕಂಬದಿಂದ ಹೆಜ್ಜೆ ಹಾಕಿಕೊಂಡು ಬಂದರು. ಹದಿನಾಲ್ಕು ಹೆಜ್ಜೆ.

ಹುಡುಗಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. "ಅಪ್ಪ ಎಷ್ಟು ಮುಂಚೆ ಒತ್ತಬೇಕಿತ್ತು?"

ಆ ತಿರುವಿನಲ್ಲಿ ಅಂದೇ ಅಳೆದು ಲೆಕ್ಕ ಹಾಕಿದ್ದರು. ಒಂದು ಸಲವಲ್ಲ, ನಾಲ್ಕು ಸಲ.

"ಹತ್ತು ಹೆಜ್ಜೆ" ಎಂದರು.

ಗಾಜಿನ ಮೇಲೆ ವೈಪರು ಎರಡು ಸಲ ಹೋಗಿ ಬಂತು. ಹಿಂದಿನ ಸೀಟಿನಿಂದ ತಾಯಿ ಕೈ ಚಾಚಿ ಮಗಳ ಹೆಗಲ ಮೇಲೆ ಇಟ್ಟಳು.

"ಹಿಂದಕ್ಕೆ ತಗೊಂಡು ಹೋಗಿ ಇನ್ನೊಂದ್ಸಲ ಮಾಡು" ಎಂದಳು. "ನೀನು ಹೇಳಿದ ಕಡೆ ನಿಲ್ಲೋವರೆಗೂ ಮಾಡು. ನಾನು ಇಳಿಯಲ್ಲ."