ಅತ್ತೆಯ ಪಿತ್ತನಾಳದ ಕಲ್ಲು

ನಮ್ಮ ಅತ್ತೆಗೂ ನನಗೂ ಒಂದು ದಿನ ಸರಿ ಇದ್ದರೆ ಎರಡು ದಿನ ಮುನಿಸು. ನಾನು ಅಫಜಲಪುರದ ಶಾಲೆಯಲ್ಲಿ ಕಲಿಸುತ್ತಿದ್ದೆ. ನನ್ನ ರೊಟ್ಟಿ ಯಾವಾಗಲೂ ದಪ್ಪ ಎಂಬುದು ಅವರ ತಕರಾರು. ಆದರೆ ತೊಂಬತ್ತರ ದಶಕದ ಒಂದು ಮಳೆಗಾಲ, ಎಂಬತ್ತರ ಅಂಚಿನಲ್ಲಿದ್ದ ಅವರ ಕಣ್ಣು ಅರಿಶಿನದಂತಾಗಿ ಚಳಿಜ್ವರ ಹತ್ತಿದಾಗ, ರೊಟ್ಟಿಗೆ ಹೆಸರಿಡುವುದನ್ನೂ ಬಿಟ್ಟರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ದೆವು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಹೊಟ್ಟೆ ಕೊಯ್ದರೆ ಈ ಜೀವ ತಡೆಯುವುದು ಕಷ್ಟ, ಬಾಯಿಯಿಂದ ನಳಿಕೆ ಇಳಿಸಿ ತೆಗೆಯಬಹುದು ಎಂದು ಅಲ್ಲಿಯವರು ಹೇಳಿದರು. ಅದನ್ನು ಮಾಡುವ ಡಾಕ್ಟರು ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಿದ್ದರು. ಮರಾಠಿ ಬೆರೆತ ಕನ್ನಡದಲ್ಲಿ ಅವರು ಎಲ್ಲವನ್ನೂ ಬಿಚ್ಚಿ ಹೇಳಿದರು: ವಯಸ್ಸೊಂದೇ ಅಡ್ಡಿಯಲ್ಲ, ಆದರೆ ಎದೆ, ಉಸಿರು ಎರಡನ್ನೂ ಕಾಯಬೇಕು, ರಕ್ತ ಬರಬಹುದು, ಹೊಟ್ಟೆಯೊಳಗೆ ಬಾವು ಬರಬಹುದು. ಹಿಂದಿನ ರಾತ್ರಿಯಿಂದ ಒಂದು ಹನಿಯೂ ಹೊಟ್ಟೆಗೆ ಹೋಗಕೂಡದು ಎಂದು ಎರಡೆರಡು ಸಲ ಹೇಳಿದರು.

ಬೆಳಿಗ್ಗೆ ಎದ್ದವರೇ ಅತ್ತೆ ಮಂಚದ ಮೇಲೆ ಕುಳಿತು, ಕೊರಳಲ್ಲಿದ್ದ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡು ಪೂಜೆ ಮಾಡಿದರು. ಬಟ್ಟಲಲ್ಲಿ ನೀರು ಕೊಟ್ಟವಳು ನಾನೇ. ಲಿಂಗದ ಮೇಲೆ ಎರೆದ ನೀರು ನಮಗೆ ಪಾದೋದಕ. ಅದನ್ನು ನೀರು ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ದಿನಾ ಮೂರು ಗುಟುಕು ಅವರ ಪದ್ಧತಿ. ಅಂದು ಜ್ವರದ ನೀರಡಿಕೆಗೆ ಬಟ್ಟಲನ್ನೇ ಎತ್ತಿ ಬರಿದು ಮಾಡಿದರು. ನಾನು ನೋಡಿದೆ, ತಡೆಯಲಿಲ್ಲ.

ಮೊದಲ ಸರದಿ ನಮ್ಮದೇ ಇತ್ತು. ಏನಾದರೂ ಕೊಟ್ಟಿದ್ದೀರಾ ಎಂದು ಸಿಸ್ಟರ್ ಕೇಳಿದರು, ಇಲ್ಲ ಎಂದೆ. ನಂತರ ಇನ್ನೊಬ್ಬರು, ಆಮೇಲೆ ಅರಿವಳಿಕೆಯ ಡಾಕ್ಟರು ಕೇಳಿದರು. ಇಂದು ತಪ್ಪಿದರೆ ಇನ್ನೊಂದು ವಾರ, ಅಷ್ಟರೊಳಗೆ ಜ್ವರ ಏನು ಮಾಡುತ್ತದೋ ಎಂಬ ದಿಗಿಲಿನಲ್ಲಿ ಮೂವರಿಗೂ ಅದೇ ಸುಳ್ಳು ಹೇಳಿದೆ. ನಾಲ್ಕನೆಯವರಾಗಿ ನಳಿಕೆ ಇಳಿಸುವ ಡಾಕ್ಟರೇ ಬಂದು ಅದೇ ಪ್ರಶ್ನೆ ಎತ್ತಿದಾಗ, ಬೋರ್ಡಿನ ಮೇಲೆ ಬರೆದುಕೊಡಲೇ ಎನ್ನುವಷ್ಟು ಸಿಟ್ಟು ಬಂತು. ಆದರೆ ಅವರು ನನ್ನನ್ನು ಕೇಳಲಿಲ್ಲ. ಬಗ್ಗಿ ಅತ್ತೆಯನ್ನು ಕೇಳಿದರು.

"ಪಾದೋದಕ ತಗೊಂಡೀನ್ರಿ," ಎಂದರು ಅತ್ತೆ. "ಬಟ್ಟಲ ಪೂರಾ ಕುಡದೀನಿ. ಸೊಸಿ ನೋಡಿಲ್ರಿ, ಆಕಿಗಿ ಏನೂ ಅನಬ್ಯಾಡ್ರಿ."

ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಡಾಕ್ಟರು ಬೈಯಲಿಲ್ಲ, ನಗಲೂ ಇಲ್ಲ. ಹೇಳಿದ್ದು ಬಹಳ ಒಳ್ಳೆಯದಾಯಿತು, ನಿದ್ದೆಯ ಸೂಜಿ ಹಾಕಿದ ಮೇಲೆ ವಾಂತಿಯಾದರೆ ಆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಮುದಿ ಜೀವ ಅದನ್ನು ತಡೆಯುವುದಿಲ್ಲ ಎಂದರು. ವಾರ ಮುಂದೆ ಹಾಕಲೂ ಇಲ್ಲ. ಸರದಿಯನ್ನು ಕೊನೆಗೆ ತಳ್ಳಿ, ಸಂಜೆ ಊರಿಗೆ ಹೊರಡಬೇಕಾಗಿದ್ದ ತಮ್ಮ ಬಸ್ಸನ್ನೇ ಬಿಟ್ಟರು. ನಳಿಕೆ ಇಳಿಸುವಾಗ ತೆಗೆಯುವ ಎಕ್ಸ್‌ರೇಗೆ ಅಡ್ಡ ಬರುತ್ತದೆಂದು ಲಿಂಗವಿಟ್ಟ ಬೆಳ್ಳಿ ಕರಡಿಗೆಯನ್ನು ಕೊರಳಿನಿಂದ ತೆಗೆಯಬೇಕಾದಾಗ, ಮೈಯಿಂದ ಅಗಲಬಾರದೆಂದು ತಿಳಿದುಕೊಂಡು, ತಾವೇ ಅದನ್ನು ಅತ್ತೆಯ ತೋಳಿಗೆ ಕಟ್ಟಿದರು. ಅಷ್ಟು ಓದಿದ ಮನುಷ್ಯನ ಬೆರಳು ಅಷ್ಟು ಮೆತ್ತಗೆ ಗಂಟು ಹಾಕಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು.

ಕಲ್ಲು ಹೊರಬಂತು. ಎರಡು ದಿನ ಜ್ವರ, ನಾಡಿ, ಹೊಟ್ಟೆ ಎಲ್ಲ ನೋಡಿ, ಮೂರನೆಯ ದಿನ ಗಂಜಿ ಕೊಟ್ಟರು. ಕಣ್ಣಿನ ಹಳದಿ ನಿಧಾನವಾಗಿ ಇಳಿಯಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಬಟ್ಟಲು ಬರಿದಾದದ್ದನ್ನು ನಾನು ನೋಡಿದ್ದೆ ಎಂದು ಒಪ್ಪಿಕೊಂಡೆ. ಅತ್ತೆ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು.

"ನೀ ನೋಡಿದ್ದು ನನಗ ಗೊತ್ತೈತಿ," ಎಂದರು. "ಸಾಯಾಕ ನಾ ಅಂಜಿಲ್ಲ. ನಾ ಅಲ್ಲೇ ಸತ್ತಿದ್ರ, ನನ್ನ ಸುಳ್ಳಿಗೇ ಸತ್ಲು ಅಂತ ನೀ ಜಲಮಪೂರ್ತಿ ಅಳ್ತಿದ್ದಿ. ಅದಕ್ಕ ಹೇಳೀನಿ."