ದೊಡ್ಡಮ್ಮನ ಡಿಸ್ಚಾರ್ಜ್, ಸಿಸ್ಟರ್ ಡಿಸ್ಚಾರ್ಜ್

“ಅಲ್ಲ ಕಣವ್ವ, ನಾನಿನ್ನೂ ಇಲ್ಲೇ ಬಿದ್ದಿವ್ನಿ, ನಿಂಗೆ ಎಂಗೆ ಮೊದ್ಲು ಡಿಸ್ಚಾರ್ಜ್ ಕೊಟ್ಬುಟ್ರು?” ಎಂದು ನಮ್ಮ ದೊಡ್ಡಮ್ಮ ಕೇಳಿದಾಗ, ಅವರ ಕಾಲಿನ ಗಾಯಕ್ಕೆ ಕಟ್ಟು ಹಾಕುತ್ತಿದ್ದ ಸಿಸ್ಟರ್ ಅಳುತ್ತಿದ್ದವರು ನಕ್ಕುಬಿಟ್ಟರು.

ಎರಡು ಸಾವಿರದ ದಶಕದ ಆರಂಭ. ಮೈಸೂರಿನ ಒಂದು ಸರ್ಕಾರಿ ಆಸ್ಪತ್ರೆ. ಅನುದಾನ ಕಡಿತವಾಗಿದೆ, ಗುತ್ತಿಗೆ ನರ್ಸ್‌ಗಳನ್ನು ತಿಂಗಳ ಕೊನೆಗೆ ‘ಬಿಡುಗಡೆ’ ಮಾಡಲಾಗುವುದು ಎಂದು ಅಂದು ನೋಟಿಸು ಬಂದಿತ್ತು. ಸಿಸ್ಟರ್ ಹೆಸರೂ ಇದ್ದ ಅದನ್ನು ನಾನು ದೊಡ್ಡಮ್ಮನಿಗೆ ಓದಿ ಹೇಳಿದ್ದೆ. ಆ ಬಿಡುಗಡೆಯನ್ನು ದೊಡ್ಡಮ್ಮ ತಮಗೆ ಗೊತ್ತಿದ್ದ ಬಿಡುಗಡೆ, ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಡಿಸ್ಚಾರ್ಜ್ ಎಂದೇ ತಿಳಿದಿದ್ದರು.

ನಿಜ ತಿಳಿದ ಮೇಲೆ, ಸಿಸ್ಟರನ್ನು ಕೆಲಸದಿಂದ ತೆಗೆಯಬೇಡಿ ಎಂದು ನನ್ನಿಂದ ಅರ್ಜಿ ಬರೆಸಿದವರೂ ಅವರೇ. ವಾರ್ಡಿನವರೆಲ್ಲ ಸಹಿ ಹಾಕಿದರು. ದೊಡ್ಡಮ್ಮ ಎರಡೂ ಹೆಬ್ಬೆಟ್ಟು ಒತ್ತಿದರು.

ನಮ್ಮ ಅರ್ಜಿಯಿಂದಲೋ, ಮೇಲಿನಿಂದ ಹಣ ಬಂದದ್ದರಿಂದಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ದೊಡ್ಡಮ್ಮ ಮನೆಗೆ ಹೊರಟ ದಿನವೇ ಸಿಸ್ಟರ್ ಕಾಗದ ಹಿಡಿದು ಓಡಿಬಂದರು. ಅವರ ಕೆಲಸವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದರು. ಗಾಲಿಕುರ್ಚಿಯಲ್ಲಿದ್ದ ದೊಡ್ಡಮ್ಮ ಚಪ್ಪಾಳೆ ತಟ್ಟಿ, “ಸರಿಹೋಯ್ತು ಬುಡವ್ವ! ನಂಗೆ ಡಿಸ್ಚಾರ್ಜು, ನಿಂಗೆ ಅಡ್ಮಿಟ್ಟು!” ಎಂದರು. ಇಡೀ ವಾರ್ಡು ನಕ್ಕಿತು.

ಎರಡೂ ಒಂದೇ ದಿನ ನಡೆದವೋ, ನೆನಪೇ ಅವನ್ನು ಒಟ್ಟಿಗೆ ಕಟ್ಟಿತೋ ಎಂದು ಈಗ ಅನುಮಾನ. ನನ್ನ ಡೈರಿಯಲ್ಲಿ ದೊಡ್ಡಮ್ಮನ ಡಿಸ್ಚಾರ್ಜ್ ಮಾತ್ರ ಇದೆ. ಆದರೆ ಆಮೇಲೆ ಕಾಲು ತೋರಿಸಲು ಹೋದಾಗಲೆಲ್ಲ ದೊಡ್ಡಮ್ಮ ಬಾಗಿಲಲ್ಲೇ ನಿಂತು, “ಅಡ್ಮಿಟ್ಟಾಗೇ ಇದ್ದೀಯೇನವ್ವಾ?” ಎಂದು ಕೂಗುತ್ತಿದ್ದದ್ದು ಖಂಡಿತ ನಿಜ. “ಇದ್ದೀನಿ ಕಣಜ್ಜಿ!” ಎಂದು ಒಳಗಿನಿಂದ ಉತ್ತರ ಬರುವವರೆಗೆ ನಾನೂ ಉಸಿರು ಬಿಗಿಹಿಡಿದಿರುತ್ತಿದ್ದೆ. ಪ್ರತಿ ಸಲವೂ ಬಂತು.