ಹಳದಿ ದಾರದ ವೈರು

ನನ್ನ ಗಂಡನ ಹೆಸರು ಗುರುಲಿಂಗಯ್ಯ. ಅವರು ಇದ್ದಾಗ ಈ ಹೆಸರನ್ನು ನಾನು ಬಾಯಿಂದ ತೆಗೆದವಳಲ್ಲ. ಈಗ ಬರೆಯುತ್ತೇನೆ. ಅವರ ಆಫೀಸಿನವರು ಅದನ್ನು ತಪ್ಪು ಮಾಡಿದವನ ಹೆಸರು ಎಂದು ಬರೆಯಲು ಹೊರಟಿದ್ದರು.

ಶಹಾಬಾದಿನ ಒಂದು ಕಲ್ಲಿನ ಕಂಪನಿಯಲ್ಲಿ ಅವರ ಕೆಲಸ. ಮೊದಲು ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ನಂಬರು ಬರೆಯುತ್ತಿದ್ದರು. ತೊಂಬತ್ತೆಂಟರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಕಲಿಸಲು ಬಂದವನು ಎರಡೇ ದಿನ ಇದ್ದು ಹೋದ. ಉಳಿದದ್ದನ್ನು ಇವರು ಕೆಡಿಸಿ ಕೆಡಿಸಿ ಕಲಿತರು. ಕೊನೆಗೆ ರಾವೂರಿನ ಖಣಿಯ ಕಂಪ್ಯೂಟರನ್ನು ಶಹಾಬಾದಿನಲ್ಲೇ ಕುಳಿತು ನಡೆಸುತ್ತಿದ್ದರು. ಒಮ್ಮೆ ನನಗೂ ತೋರಿಸಿದರು. ಇವರು ಇಲ್ಲಿ ಕೈಯಾಡಿಸಿದರೆ ಅಲ್ಲಿಯ ಪರದೆಯ ಮೇಲೆ ಬಾಣ ತಾನಾಗಿಯೇ ಓಡಾಡುತ್ತದಂತೆ.

"ಅಲ್ಲಿ ಕುಂತವರು ಅಂಜಂಗಿಲ್ಲೇನ್ರಿ?" ಎಂದೆ.

"ಮೊದಲ ದಿನ ಅಂಜಿ ಎದ್ದು ಓಡ್ಯಾರ," ಎಂದರು.

ಇ-ಮೇಲ್ ಹೋಗದಿದ್ದರೆ ಇವರನ್ನೇ ಕರೆಯುತ್ತಿದ್ದರು. ಉಣ್ಣುವಾಗಲೂ ಕರೆಯುತ್ತಿದ್ದರು. ಇವರು ಮೊದಲು ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ವೈರು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಾಡಿಸುತ್ತ ಹೋಗುತ್ತಿದ್ದರು. ಕಲ್ಲಿನ ಪುಡಿ ಕೂತಲ್ಲಿ ಒರೆಸುತ್ತಿದ್ದರು. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು.

ಒಂದು ವರ್ಷ ದಸರೆಯ ಖಂಡೆ ಪೂಜೆಯ ಮರುದಿನ ಎಲ್ಲವೂ ನಿಂತಿತು. ಪೂಜೆಗೆ ಯಂತ್ರಗಳನ್ನು ಬಿಚ್ಚಿ, ಒರೆಸಿ, ವಿಭೂತಿ ಕುಂಕುಮ ಹಚ್ಚುತ್ತಾರೆ. ಎಲ್ಲ ವೈರುಗಳು ಬಂದು ಕೂಡುವ ಡಬ್ಬಿಯನ್ನೂ ಬಿಡುವುದಿಲ್ಲ. ಮತ್ತೆ ಜೋಡಿಸುವಾಗ ಯಾರೋ ಒಂದೇ ವೈರಿನ ಎರಡೂ ತುದಿಗಳನ್ನು ಆ ಡಬ್ಬಿಗೇ ಚುಚ್ಚಿದ್ದರು.

"ಹೋಗಿದ್ದು ತಿರುಗಿ ಅಲ್ಲೇ ಬರ್ತದ," ಎಂದು ಮನೆಗೆ ಬಂದು ಹೇಳಿದರು. "ಗಾಣದ ಎತ್ತಿನಂಗ ಅಲ್ಲಲ್ಲೇ ಸುತ್ತತದ. ಆ ಗದ್ದಲದಾಗ ಬ್ಯಾರೆ ಯಾವುದಕ್ಕೂ ಹಾದಿ ಸಿಗಂಗಿಲ್ಲ."

ಆಮೇಲೆ ನನ್ನ ಹೊಲಿಗೆಯ ದಾರ ಕೇಳಿದರು. ಒಂದೊಂದು ವೈರಿಗೆ ಒಂದೊಂದು ಬಣ್ಣ, ಎರಡೂ ತುದಿಗೆ. ಕತ್ತರಿಸಿ ಕೊಟ್ಟವಳು ನಾನು. ಹಳದಿಯದು ಹೊರಗಿನಿಂದ ಬಂದವರ ಕಂಪ್ಯೂಟರಿಗೆ. ಉಳಿದ ದಿನ ಅದರ ಒಂದು ತುದಿ ಖಾಲಿ ಜೋತಾಡಬೇಕು. ಯಾವ ಬಣ್ಣ ಯಾವುದಕ್ಕೆ ಎಂದು ತಮ್ಮ ವಹಿಯಲ್ಲಿ ಬರೆದಿಟ್ಟುಕೊಂಡರು.

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ವಾಡಿ ರಸ್ತೆಯಲ್ಲಿ ಅವರಿಗೆ ಲಾರಿ ಹೊಡೆಯಿತು. ಕಿಸೆಯಲ್ಲಿ ಒಂದು ತುಂಡು ವೈರಿತ್ತು. ಆ ದಿನದ ಬಗ್ಗೆ ಇಷ್ಟೇ ಬರೆಯುತ್ತೇನೆ.

ಆ ವರ್ಷದ ದಸರೆ ಮುಗಿದ ನಾಲ್ಕನೇ ದಿನ ಆಫೀಸಿನ ಜವಾನ ಅಬ್ದುಲ್ ಸಲಾಂ ಮನೆಗೆ ಬಂದ.

"ಅಕ್ಕಾ, ಅಣ್ಣನ ವಹಿ ಬೇಕಂತ್ರಿ. ನಾಕು ದಿನ ಆತು, ಒಂದು ಮೇಲ್ ಹೋಗವಲ್ದು. ಹೈದರಾಬಾದಿನ ಇಂಜಿನಿಯರ್ ಅಲ್ಲಿಂದಾನೇ ಒಳಗ ಬರ್ತೀನಂದ, ಅವಗೂ ಬಾಗಿಲಾ ಸಿಗವಲ್ದು. ಬಂದ್ ಮಾಡಿ ಚಾಲೂ ಮಾಡ್ರಿ ಅಂತಾನ. ಮಾಡಿ ಮಾಡಿ ನನ್ನ ಬೆರಳು ಸವದಾವ."

ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. "ಅಣ್ಣ ತಪ್ಪು ಜೋಡಿಸಿ ಹೋಗ್ಯಾನ ಅಂತ ಹೆಡ್ ಆಫೀಸಿಗೆ ಕಾಗದ ಬರದಾರ. ಸಹಿ ಒಂದು ಬಾಕಿ ಅದ."

"ವಹಿ ನಾನೇ ತರ್ತೀನಿ. ನಡಿ," ಎಂದೆ.

ಆಫೀಸಿನಲ್ಲಿ ನನ್ನನ್ನು ಕಂಡು ಮ್ಯಾನೇಜರ್ ನರಸಿಂಹರಾಯರು ಎದ್ದು ನಿಂತರು. "ಕುಂದ್ರಿ, ಸೂಗಮ್ಮನವರ."

"ಕುಂದ್ರಾಕ ಬಂದಿಲ್ರಿ. ಡಬ್ಬಿ ಎಲ್ಲಿ ಅದ?"

ಡಬ್ಬಿಯ ಮೇಲೆ ಒಣಗಿದ ಚೆಂಡು ಹೂವಿನ ಮಾಲೆ ಇನ್ನೂ ಇತ್ತು. ಗುಮಾಸ್ತ ದೇವೀಂದ್ರಪ್ಪ ಅಡ್ಡ ಬಂದರು. ಅವರು ನಮ್ಮ ಲಿಂಗಾಯತರ ಪೈಕಿಯವರೇ.

"ತಂಗಿ, ಪೂಜಿ ಆಗಿದ್ದದ. ನೀ ಈಗ ಕೈ ಹಚ್ಚಬ್ಯಾಡವಾ."

"ನಮ್ಮಾಗ ಸೂತಕ ಇಲ್ಲಂತ ಮಠದಾಗ ಭಾಷಣ ಮಾಡಿದವರು ನೀವೇ ಅಲ್ಲೇನ್ರಿ ಅಣ್ಣಾರ? ನಾ ಮುಂದೇ ಕುಂತು ಕೇಳೀನಿ."

ಅಬ್ದುಲ್ ಸಲಾಂ ಗೋಡೆಯ ಕಡೆ ತಿರುಗಿ ಕೆಮ್ಮಿದ. ನಾನು ಮಾಲೆ ಕಿತ್ತಿಟ್ಟೆ. ದಾರಗಳು ಹಾಗೇ ಇದ್ದವು, ಕುಂಕುಮ ಮೆತ್ತಿಕೊಂಡು.

"ಪೂಜಿ ದಾರ ಅಂತ ತಿಳಕೊಂಡಿದ್ವಿ," ಎಂದರು ರಾಯರು.

ಸೆರಗಿನಿಂದ ಒರೆಸಿದೆ. ಒಂದೇ ಡಬ್ಬಿಯಲ್ಲಿ ಎರಡು ಕಡೆ ಹಳದಿ.

"ಈ ತುದಿ ಯಾರು ಚುಚ್ಚಿದ್ರಿ?"

ದೇವೀಂದ್ರಪ್ಪ ಮೆಲ್ಲಗೆ ಹೇಳಿದರು. "ಜೋತಾಡ್ಲಿಕತ್ತಿತ್ತು. ಹಬ್ಬದ ದಿನ ಒಂದನ್ನೇ ಖಾಲಿ ಬಿಡಬಾರದಂತ..."

ಎಳೆದೆ. ಹುಚ್ಚು ಹಿಡಿದಂತೆ ಒಟ್ಟಿಗೇ ಮಿಣುಕುತ್ತಿದ್ದ ದೀಪಗಳು ನಿಧಾನವಾದವು. ಸ್ವಲ್ಪ ಹೊತ್ತಿಗೆ ಅಬ್ದುಲ್ ಸಲಾಂ, "ಹೊಂಟ್ವು ಅಕ್ಕಾ, ಹೊಂಟ್ವು," ಎಂದ. ನಾಲ್ಕು ದಿನದ ಮೇಲ್‌ಗಳು ಒಂದೊಂದೇ ಹೋದವು. ಹೈದರಾಬಾದಿನಿಂದ ಫೋನ್ ಬಂತು. ಇಂಜಿನಿಯರ್ ಒಳಗೆ ಬಂದಿದ್ದನಂತೆ. ಅಲ್ಲಿಂದಲೇ ತಾನು ಸರಿ ಮಾಡಿದೆ ಎಂದನಂತೆ.

"ಭಾಳ ಉಪಕಾರ ಆತು," ಎಂದರು ರಾಯರು. "ಆ ವಹಿ ಇಲ್ಲೇ ಇಟ್ಟು ಹೋಗ್ರಿ."

"ಹೆಡ್ ಆಫೀಸಿಗೆ ಬರದ ಕಾಗದ ತಗೀರಿ."

"ಅದು ಇನ್ನಾ ಹೋಗಿಲ್ಲ. ಹರದು ಒಗೀತೀನಿ, ಬಿಡ್ರಿ."

"ಹರದರ ಸಾಲದು. ಹೊಸಾದು ಬರೀರಿ. ಹಬ್ಬದ ದಿನ ಆಫೀಸಿನವರೇ ವೈರು ತಪ್ಪು ಹಾಕಿದ್ರು, ಗುರುಲಿಂಗಯ್ಯ ಕಟ್ಟಿದ ದಾರ ನೋಡಿ ಸರಿ ಮಾಡೀವಿ ಅಂತ ಬರೀರಿ."

ರಾಯರು ದೇವೀಂದ್ರಪ್ಪನವರನ್ನು ನೋಡಿದರು. ದೇವೀಂದ್ರಪ್ಪನವರು ನೆಲ ನೋಡಿದರು. ಹಳದಿ ದಾರದ ತುದಿ ನನ್ನ ಕೈಯಲ್ಲೇ ಇತ್ತು.

"ಬರಿಯಂಗಿಲ್ಲಂದ್ರ ಹೇಳ್ರಿ. ಇದನ್ನ ಮೊದಲಿನಂಗ ಚುಚ್ಚಿ ಮನಿಗಿ ಹೋಗ್ತೀನಿ."

ರಾಯರು ಬರೆದರು. ನಾನು ನಾಲ್ಕನೇ ಇಯತ್ತೆ ಕಲಿತವಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ದಾರದ ಮಾತು ಬಿಟ್ಟಿದ್ದರು. ಅದನ್ನೂ ಬರೆಸಿದೆ. ಸಹಿ ಆದ ಮೇಲೆ ವೈರಿನ ತುದಿಯನ್ನು ಕೆಳಗೆ ಬಿಟ್ಟೆ.

ವಹಿ ಕೊಡಲಿಲ್ಲ. ಕಾಗದದ ಒಂದು ಪ್ರತಿಯೂ ನನ್ನ ಹತ್ತಿರ ಇದೆ. ಯಾರು ಕೇಳಿದರೂ ತೋರಿಸುತ್ತೇನೆ. ಕೇಳದಿದ್ದರೂ ತೋರಿಸುತ್ತೇನೆ.